ಆಟಿಗೆ ಮೊದಲು ಉಕ್ಕಿಸಿದ ಹಾಲು

ಹನ್ನೊಂದು ಸಲ ಕರೆ ಮಾಡಿದರೂ ಮನೆ ಬ್ರೋಕರ್ ಕೃಷ್ಣಕುಮಾರ ಫೋನೆತ್ತಲಿಲ್ಲ. ಹನ್ನೆರಡನೆಯ ಸಲ ಫೋನೇ ಸ್ವಿಚ್ ಆಫ್ ಆಗಿತ್ತು. ಲೋಲಾಕ್ಷಿ ಅರ್ಧ ಹೊಲಿದ ರವಿಕೆಯನ್ನು ಮಡಚಿಟ್ಟು, ಹೊಲಿಗೆ ಮೆಷಿನಿನ ಮೇಲೆ ಬಟ್ಟೆ ಹೊದೆಸಿ ಎದ್ದಳು.

ಮಳೆಗೆಂದು ಅಂದು ಶಾಲೆಗೆ ರಜೆ. ಎರಡನೇ ಕ್ಲಾಸಿನ ಮಗಳು ಮೋಕ್ಷಿತಾಳನ್ನು ಒಬ್ಬಳನ್ನೇ ಬಿಟ್ಟು ಹೋಗುವಂತಿರಲಿಲ್ಲ. ಬೆಳಗ್ಗೆ ಉಳಿದ ನೀರುದೋಸೆಗಳನ್ನು ಮಡಚಿ ಡಬ್ಬಿಗೆ ಹಾಕಿದಳು. ಮಗುವಿನ ಕೂದಲನ್ನು ಎರಡು ಜಡೆ ಹಾಕಿ ಬಿಗಿದಳು. ಎಂದಿಗಿಂತ ಹೆಚ್ಚು ಬಿಗಿದಿರಬೇಕು, ಮಗು "ಸ್ಸ್" ಎಂದಿತು. ಲೋಲಾಕ್ಷಿ ಜಡೆ ಬಿಚ್ಚಿ, ಮೆಲ್ಲನೆ ಮತ್ತೊಮ್ಮೆ ಹೆಣೆದಳು.

"ಎಲ್ಲಿಗೆ ಅಮ್ಮ?"

"ನಮ್ಮ ದುಡ್ಡು ತರ್ಲಿಕ್ಕೆ."

"ಕೊಡದಿದ್ರೆ?"

"ಕೊಡುವವರೆಗೆ ಅಲ್ಲೇ ಕೂತು ದೋಸೆ ತಿನ್ನುವುದು."

ಗಂಡ ವಿಜೇತ್ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ಅವನಿಗೆ ಫೋನ್ ಮಾಡಿ ಹೇಳಿದಾಗ ಹಿಂದೆ ಬಸ್ಸಿನ ಗದ್ದಲ ಕೇಳುತ್ತಿತ್ತು. "ಜಗಳ ಮಾಡ್ಬೇಡ ಮಾರಾಯ್ತಿ. ಅವನ ಬಾಯಿಗೆ ಬಿದ್ದು ಗೆದ್ದವರಿಲ್ಲ. ಹೋದ್ರೆ ಹೋಗ್ಲಿ ಅತ್ಲಾಗಿ."

"ಹೋಗ್ಲಿ ಅಂತ ರೈಟ್ ಹೇಳ್ಲಿಕ್ಕೆ ಅದೆಂತ ನಿಮ್ಮ ಬಸ್ಸಾ?" ಎಂದು ಅವಳು ಫೋನಿಟ್ಟಳು.

ದುಡ್ಡು ಎಂದರೆ ಇಪ್ಪತ್ತೇಳು ಸಾವಿರ. ತಿಂಗಳಿಗೆ ಒಂಬತ್ತು ಸಾವಿರದಂತೆ ಮೂರು ತಿಂಗಳ ಬಾಡಿಗೆಯನ್ನು ಅವಳು ಕುಟುಂಬಶ್ರೀ ಮಹಿಳಾ ಸಂಘದಲ್ಲಿ ಸಾಲ ಎತ್ತಿ ಮುಂಗಡ ಕೊಟ್ಟಿದ್ದಳು. ಆ ಮನೆಗೆ ಹೋಗಿ ಇರುವುದು ಸಾಧ್ಯವಿಲ್ಲವೆಂದು ಈಗ ಗೊತ್ತಾಗಿತ್ತು. ಈಗಿರುವ ಬಾಡಿಗೆ ಮನೆಯನ್ನೂ ಆಗಸ್ಟ್ ಕೊನೆಗೆ ಬಿಡಬೇಕು, ಯಜಮಾನರು ಅದನ್ನು ಕೆಡವಿ ಹೊಸತು ಕಟ್ಟುವವರಿದ್ದರು. ಮಗಳ ಶಾಲೆಯ ಹತ್ತಿರ, ಮಂಗಲ್ಪಾಡಿಯಲ್ಲಿ, ಸೌದಾಮಿನಿ ಟೀಚರ್ ತಮ್ಮ ಮಾಳಿಗೆಯ ಎರಡು ಕೋಣೆ ಕೊಡಲು ಒಪ್ಪಿದ್ದರು. "ಇವತ್ತು ನಾಲ್ಕು ಗಂಟೆಯವರೆಗೆ ಕಾಯ್ತೇನೆ ಲೋಲಾಕ್ಷಿ. ಬ್ಯಾಂಕಿನವರೊಬ್ಬರು ಕೋಣೆ ಬೇಕೂಂತ ದಿನಾ ಕೇಳ್ತಾ ಇದ್ದಾರೆ. ಮತ್ತೆ ನನ್ನನ್ನು ಬೈಬೇಡ" ಎಂದಿದ್ದರು. ನಾಲ್ಕು ಗಂಟೆಗೆ ಮುಂಗಡದ ದುಡ್ಡು ಇಲ್ಲದಿದ್ದರೆ ಮನೆ ಇಲ್ಲ. ಅಷ್ಟೇ ವಿಷಯ.

ಹೊಸಂಗಡಿಗೆ ಹೋಗುವ ಬಸ್ಸಿನಲ್ಲಿ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಅವಳು ಕೃಷ್ಣಕುಮಾರನ ನಯವಾದ ಮಾತುಗಳನ್ನು ಒಂದೊಂದಾಗಿ ನೆನಪಿಸಿಕೊಂಡಳು.

ಅವನು ಕೊಡಿಸಿದ ಮನೆ ಉಪ್ಪಳದ ಹತ್ತಿರ ಒಂದು ಓಣಿಯ ಕೊನೆಯಲ್ಲಿತ್ತು. ಯಜಮಾನರು ದುಬೈಯಲ್ಲಿ, ಎಲ್ಲ ವ್ಯವಹಾರ ಇವನದೇ. ಜೋರು ಮಳೆಯ ಆಟಿ ತಿಂಗಳು, ತುಳುವರ ಆಷಾಢ, ಹಿಡಿಯಲು ವಾರವಿತ್ತು. ಆಟಿಯಲ್ಲಿ ಯಾರೂ ಹೊಸ ಮನೆಗೆ ಹೋಗುವುದಿಲ್ಲ. ಆದರೆ ಅದಕ್ಕೆ ಮೊದಲು ಒಂದು ಒಳ್ಳೆಯ ದಿನ ಹಾಲು ಉಕ್ಕಿಸಿಟ್ಟರೆ ಮನೆ ಹೊಕ್ಕ ಹಾಗೆಯೇ, ಸಾಮಾನನ್ನು ಆಟಿ ಕಳೆದು ಸೋಣ ತಿಂಗಳಲ್ಲಿ ಸಾಗಿಸಬಹುದು. ಅದನ್ನು ಅವನೇ ಹೇಳಿಕೊಟ್ಟಿದ್ದ. "ಗುರುವಾರ ಹಾಲುಕ್ಕಿಸಿಬಿಡಿ ಅಕ್ಕ. ಬಾಡಿಗೆ ಲೆಕ್ಕ ಸೋಣದಿಂದ. ನಾವು ನಾವೇ ಅಲ್ವಾ."

ಹಾಲುಕ್ಕಿಸಿದ ಆ ಗುರುವಾರ ಮಳೆ ಬಿಟ್ಟು ಎರಡು ದಿನವಾಗಿತ್ತು. ನೆಲ ಫಿನಾಯಿಲಿನ ವಾಸನೆಯಲ್ಲಿ ಫಳಫಳ ಎನ್ನುತ್ತಿತ್ತು. ಗೋಡೆಗೆ ಮೊಣಕಾಲಿನಷ್ಟು ಎತ್ತರಕ್ಕೆ ಮಾತ್ರ ಹೊಸ ಬಣ್ಣ. ನಮಗೋಸ್ಕರ ತೊಳೆಸಿ ಬಣ್ಣ ಹೊಡೆಸಿದ್ದಾನೆ, ಎಂಥ ಒಳ್ಳೆಯ ಮನುಷ್ಯ ಎಂದುಕೊಂಡು ಲೋಲಾಕ್ಷಿ ಅವನಿಗೂ ಒಂದು ಲೋಟ ಹಾಲು ಕೊಟ್ಟಿದ್ದಳು, ಸಕ್ಕರೆ ಜಾಸ್ತಿ ಹಾಕಿ. ಅದು ನೆನಪಾದಾಗಲೆಲ್ಲ ಅವಳಿಗೆ ಅವನಿಗಿಂತ ತನ್ನ ಮೇಲೆಯೇ ಹೆಚ್ಚು ಸಿಟ್ಟು ಬರುತ್ತಿತ್ತು.

ಆಟಿಯ ಎರಡನೆಯ ವಾರ ಪರದೆ ಹೊಲಿಯಲು ಕಿಟಕಿಯ ಅಳತೆ ತರೋಣವೆಂದು ಹೋದವಳು ಓಣಿಯಲ್ಲೇ ನಿಂತುಬಿಟ್ಟಳು. ಹೆದ್ದಾರಿ ಎತ್ತರವಾದ ಮೇಲೆ ಓಣಿಯೆಂಬುದು ತಗ್ಗಾಗಿ, ಸುತ್ತಲಿನ ನೀರೆಲ್ಲ ಆ ಅಂಗಳಕ್ಕೇ ಬಂದು ಸೇರುತ್ತಿತ್ತು. ಸೀರೆ ಎತ್ತಿ ಹಿಡಿದು ನೀರಿನಲ್ಲಿ ನಡೆದು ಕಿಟಕಿಯಿಂದ ಇಣುಕಿದಳು. ಹಾಲು ಉಕ್ಕಿಸಿದ ಅಡುಗೆಕೋಣೆಯಲ್ಲಿ ಕೆಂಪು ನೀರು ನಿಂತಿತ್ತು. ಹೊಸ ಬಣ್ಣ ಎಲ್ಲಿಯವರೆಗಿತ್ತೋ ಸರಿಯಾಗಿ ಅಲ್ಲಿಯವರೆಗೆ.

ಓಣಿಯ ಬಾಯಲ್ಲಿ ಗೂಡಂಗಡಿ ಇಟ್ಟಿದ್ದ ಮುದುಕ ಕುಂಞಣ್ಣ ಅವಳ ಮುಖ ನೋಡಿ ಬೆಂಚು ಒರೆಸಿ ಕೂರಿಸಿದ. "ಹೋದ ವರ್ಷ ಆಟಿಗೆ ಮೊದಲು ಒಬ್ರು ನನ್ನಿಂದಲೇ ಹಾಲಿನ ಪ್ಯಾಕೆಟ್ ತಗೊಂಡ್ರು. ಈ ಸಲ ಶಾಲೆ ಸುರುವಾಗುವಾಗ ಇನ್ನೊಬ್ರು. ಮತ್ತೆ ನೀವು. ಮೂರು ಸಂಸಾರ ಹಾಲು ಉಕ್ಕಿಸಿತು ಅಕ್ಕ, ಒಂದೂ ಅನ್ನ ಬೇಯಿಸ್ಲಿಲ್ಲ."

"ಅವತ್ತೇ ಹೇಳಬಾರದಿತ್ತಾ ಕುಂಞಣ್ಣ?"

"ಮನೆ ಹೊಗ್ಲಿಕ್ಕೆ ಹಾಲು ತಗೊಳ್ಳುವವರ ಹತ್ರ ಕೆಟ್ಟ ಮಾತು ಹೇಗೆ ಆಡುವುದು?" ಎಂದು ಅವನು ಬೇರೆ ಕಡೆ ನೋಡಿದ.

ಕೃಷ್ಣಕುಮಾರನ ಆಫೀಸು ಹೊಸಂಗಡಿ ಪೇಟೆಯಲ್ಲಿ ಮೊಬೈಲ್ ಅಂಗಡಿಯ ಮೇಲೆ. ಒಂದು ಮೇಜು, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಗೋಡೆಯಲ್ಲಿ ಲಕ್ಷ್ಮಿಯ ಕ್ಯಾಲೆಂಡರ್. ಲೋಲಾಕ್ಷಿಯನ್ನು ಕಂಡದ್ದೇ ಅವನು ಫೋನನ್ನು ಕಿವಿಗಿಟ್ಟು ಮಾತಾಡತೊಡಗಿದ. ಅವಳು ಕೊಡೆಯನ್ನು ಬಾಗಿಲ ಬಳಿ ಒರಗಿಸಿ, ಮಗಳನ್ನು ಕೂರಿಸಿ, ತಾನೂ ಕುಳಿತಳು.

"ಸ್ವಿಚ್ ಆಫ್ ಆದ ಫೋನಲ್ಲಿ ಯಾರ ಹತ್ರ ಮಾತಾಡುವುದು?" ಎಂದಳು.

ಅವನು ಫೋನು ಕೆಳಗಿಟ್ಟು ನಕ್ಕ. "ಎಂತ ಅಕ್ಕ, ಈ ಮಳೆಗೆ?"

"ಇಪ್ಪತ್ತೇಳು ಸಾವಿರ."

"ಅದು ಮೊನ್ನೆಯೇ ಹೇಳಿದ್ದಲ್ವಾ? ನೀವು ಹಾಲು ಉಕ್ಕಿಸಿ ಆಯ್ತು. ಹಾಲು ಉಕ್ಕಿದ ದಿನದಿಂದ ಮನೆ ನಿಮ್ಮದು, ಬಾಡಿಗೆಯೂ ನಿಮ್ಮದು. ಬಂದು ಇರದಿದ್ರೆ ಅದು ನನ್ನ ತಪ್ಪಾ?"

"ಸೋಣದಿಂದ ಲೆಕ್ಕ ಅಂತ ಹೇಳಿದ್ದು ಯಾರು?"

"ಎಲ್ಲಿ ಬರೆದುಂಟು? ತೋರಿಸಿ."

"ಮನೆ ನನ್ನದಾದ್ರೆ ಕೀ ಯಾಕೆ ನಿಮ್ಮ ಹತ್ರ ಉಂಟು? ಹಾಲು ನನ್ನದು, ಕೀ ನಿಮ್ಮದು, ಒಳಗಿನ ನೀರು ಯಾರದ್ದು?"

"ಮಳೆ ಬಂದ್ರೆ ನೀರು ಬರ್ತದೆ ಅಕ್ಕ. ಬೆಂಕಿ ಬರ್ತದಾ?" ತನ್ನ ಮಾತಿಗೆ ತಾನೇ ನಕ್ಕು, ಮತ್ತೆ ಮುಖ ಗಂಟಿಕ್ಕಿದ. "ನೋಡಿ, ನಷ್ಟ ನನಗೆ. ಹಾಲು ಉಕ್ಕಿಸಿ ಬಿಟ್ಟುಹೋದ ಮನೆ ಅಂತ ಗೊತ್ತಾದ್ರೆ ಇನ್ನು ಯಾರು ಬರ್ತಾರೆ? ಆ ಮನೆಗೆ ದೋಷ ಹಿಡಿಸಿದ್ದು ನೀವು. ನಾನಾದ ಕಾರಣ ಸುಮ್ಮನಿದ್ದೇನೆ."

ಲೋಲಾಕ್ಷಿಗೆ ಕಿವಿ ಬಿಸಿಯಾಯಿತು. ತನ್ನಿಂದ ಒಂದು ಮನೆಗೆ ದೋಷ ತಟ್ಟಿತು ಎಂದು ಯಾರೂ ಈವರೆಗೆ ಅಂದಿರಲಿಲ್ಲ. ಹೊಡೆಯಬೇಕು ಅನ್ನಿಸಿತು. ಪಕ್ಕದಲ್ಲಿ ಮಗು ಕಾಲು ಆಡಿಸುತ್ತ ಇಬ್ಬರನ್ನೂ ನೋಡುತ್ತಿತ್ತು. ಅವಳು ಡಬ್ಬಿ ತೆರೆದು ಒಂದು ದೋಸೆಯನ್ನು ಮಗಳ ಕೈಗೆ ಕೊಟ್ಟಳು.

"ಮೂರು ಸಂಸಾರ ಕೃಷ್ಣಕುಮಾರ" ಎಂದಳು. 'ಅಣ್ಣ' ಎನ್ನುವುದನ್ನು ಬಿಟ್ಟಿದ್ದಳು. "ದೋಷ ಮೂರು ಸಲ ಹಿಡಿಯಿತಾ ಆ ಮನೆಗೆ?"

ಅವನ ಮುಖದ ಬಣ್ಣ ಸ್ವಲ್ಪ ಬದಲಾಯಿತು. "ಯಾರು ಹೇಳಿದ್ದು? ಸುಮ್ಮನೆ ಎಂತದಾದ್ರೂ ಕೇಳಿಕೊಂಡು ಬರಬೇಡಿ. ದುಡ್ಡು ಯಜಮಾನರಿಗೆ ಹೋಗಿಯಾಯ್ತು."

"ಅವರ ನಂಬರ್ ಕೊಡಿ, ನಾನೇ ಕೇಳ್ತೇನೆ."

"ಅದೆಲ್ಲ ಕೊಡ್ಲಿಕ್ಕಾಗುವುದಿಲ್ಲ. ನನಗೆ ಬೇರೆ ಪಾರ್ಟಿ ಬರ್ಲಿಕ್ಕುಂಟು. ನೀವು ಹೋಗಿ."

"ನಾನು ಕೂತಿದ್ದೇನೆ."

ಅವನು ಫೈಲು ತಿರುವಿದ, ಹೊರಗೆ ಹೋಗಿ ಬಂದ, ಫ್ಯಾನ್ ಆರಿಸಿದ. ಲೋಲಾಕ್ಷಿ ಅಲುಗಲಿಲ್ಲ. ಮೋಕ್ಷಿತಾ ಕ್ಯಾಲೆಂಡರಿನ ಆನೆಗಳನ್ನು ಎಣಿಸಿ ಮುಗಿಸಿ ತಾಯಿಯ ತೊಡೆಯ ಮೇಲೆ ತಲೆಯಿಟ್ಟಳು. ಗಂಟೆ ಒಂದಾಯಿತು, ಎರಡಾಯಿತು.

ಎರಡೂವರೆಗೆ ಮೆಟ್ಟಲು ಹತ್ತಿ ಬಂದವರು ಗಂಡ ಹೆಂಡತಿ. ಗಂಡ ಈಶ್ವರಪ್ರಸಾದ ಪುತ್ತೂರಿನ ಕಡೆಯವನು, ಉಪ್ಪಳದಲ್ಲಿ ಹೊಸದಾಗಿ ಕೆಲಸ ಸಿಕ್ಕಿತ್ತು. ಹೆಂಡತಿ ಶ್ರೀವಾಣಿಗೆ ಆರೋ ಏಳೋ ತಿಂಗಳಿರಬೇಕು, ಮೆಟ್ಟಲು ಹತ್ತಿದ ಏದುಸಿರು ಇನ್ನೂ ಇಳಿದಿರಲಿಲ್ಲ. ಲೋಲಾಕ್ಷಿ ಮಗಳನ್ನು ಮಡಿಲಿಗೆ ಎಳೆದುಕೊಂಡು ಕುರ್ಚಿ ಬಿಟ್ಟುಕೊಟ್ಟಳು.

ಕೃಷ್ಣಕುಮಾರ ಫ್ಯಾನ್ ಹಾಕಿದ. ಫೋನಿನಲ್ಲಿ ಫೋಟೋ ತೋರಿಸತೊಡಗಿದ. "ಶಾಂತ ಜಾಗ ಸಾರ್. ಈ ಮಳೆಗೆ ಹೋಗಿ ನೋಡುವುದು ಕಷ್ಟ, ಮೇಡಮ್ಮಿಗೆ ತೊಂದರೆ ಬೇಡ. ಆಟಿ ಮುಗಿದ ಮರುದಿನ ಹಾಲು ಉಕ್ಕಿಸಿ. ಆರು ತಿಂಗಳ ಬಾಡಿಗೆ ಈಗ ಕೊಟ್ರೆ ಬೇರೆಯವರಿಗೆ ಕೊಡದೆ ಇಡ್ತೇನೆ."

ಲೋಲಾಕ್ಷಿ ಕತ್ತು ಚಾಚಿ ನೋಡಿದಳು. ಬಿಸಿಲಿನಲ್ಲಿ ತೆಗೆದ ಫೋಟೋ. ಅದೇ ಅಂಗಳ, ಅದೇ ಕಿಟಕಿ.

"ಆ ಮನೆಯಾ" ಎಂದಳು ಶ್ರೀವಾಣಿಯ ಕಡೆ ತಿರುಗಿ. "ನಾನೂ ಅಲ್ಲೇ ಹಾಲು ಉಕ್ಕಿಸಿದ್ದು. ಈಗ ಒಳಗೆ ಮೊಣಕಾಲು ನೀರುಂಟು. ದುಡ್ಡು ವಾಪಸ್ ಕೇಳ್ಲಿಕ್ಕೆ ಬೆಳಗ್ಗಿನಿಂದ ಕೂತಿದ್ದೇನೆ."

"ಅವರ ಮಾತು ಕೇಳ್ಬೇಡಿ ಸಾರ್, ಬಾಡಿಗೆ ಬಾಕಿಯ ಜಗಳ ಅದು" ಎಂದು ಕೃಷ್ಣಕುಮಾರ ಎದ್ದುನಿಂತ. ಆದರೆ ಗಂಡ ಹೆಂಡತಿ ಪರಸ್ಪರ ಮುಖ ನೋಡಿಕೊಂಡಿದ್ದರು. "ಒಂದು ಚಾ ಕುಡಿದು ಬರ್ತೇವೆ" ಎಂದು ಈಶ್ವರಪ್ರಸಾದ ಹೆಂಡತಿಯ ಕೈ ಹಿಡಿದು ಇಳಿದ. ಕಿಟಕಿಯಿಂದ ಕಾಣುತ್ತಿತ್ತು, ಎದುರಿನ ಹೋಟೆಲಿನ ಹಂಚಿನ ಮಾಡಿನ ಕೆಳಗೆ ನಿಂತು ಅವರು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು.

ಕೃಷ್ಣಕುಮಾರ ಅವರನ್ನು ನೋಡಿದ, ಇವಳನ್ನು ನೋಡಿದ. ಆರು ತಿಂಗಳ ಬಾಡಿಗೆ, ಐವತ್ತನಾಲ್ಕು ಸಾವಿರ, ಹೋಟೆಲಿನ ಮಾಡಿನಡಿ ನಿಂತಿತ್ತು.

"ನನ್ನ ಹೊಟ್ಟೆಗೆ ಹೊಡೆದ್ರಲ್ಲ."

ಲೋಲಾಕ್ಷಿ ಗೋಡೆಯತ್ತ ನೋಡಿದಳು. ಗಡಿಯಾರದಲ್ಲಿ ಮೂರಕ್ಕೆ ಹತ್ತು ನಿಮಿಷವಿತ್ತು.

ಅವನು ಬಂದು ಎದುರಿನ ಕುರ್ಚಿಯಲ್ಲಿ ಕುಳಿತ. ದನಿ ಮತ್ತೆ ಬೆಣ್ಣೆಯಾಗಿತ್ತು. "ಅಕ್ಕ, ಒಂದು ಕೆಲಸ ಮಾಡುವ. ನೀವು ಕೆಳಗೆ ಹೋಗಿ ಆ ಮೇಡಮ್ಮಿನ ಹತ್ರ ಹೇಳಿ, ಸಿಟ್ಟಲ್ಲಿ ಬಾಯಿಗೆ ಬಂದದ್ದು ಹೇಳಿದೆ, ಮನೆ ಒಳ್ಳೆಯದುಂಟು ಅಂತ. ಹೆಂಗಸರ ಮಾತು ಹೆಂಗಸರು ಕೇಳ್ತಾರೆ. ಇಪ್ಪತ್ತೇಳೂ ಕೊಡ್ತೇನೆ. ಇವತ್ತೇ."

ಲೋಲಾಕ್ಷಿ ಕಿಟಕಿಯ ಹೊರಗೆ ನೋಡಿದಳು. ಶ್ರೀವಾಣಿ ಒಂದು ಕೈಯನ್ನು ಸೊಂಟಕ್ಕೆ ಕೊಟ್ಟು ನಿಂತಿದ್ದಳು. ಮೋಕ್ಷಿತಾ ಹೊಟ್ಟೆಯಲ್ಲಿದ್ದಾಗ ತಾನೂ ಹಾಗೆಯೇ ನಿಲ್ಲುತ್ತಿದ್ದುದು ಲೋಲಾಕ್ಷಿಗೆ ನೆನಪಾಯಿತು. ಇವಳ ಮಗು ಆ ಅಡುಗೆಕೋಣೆಯಲ್ಲಿ ಅಂಬೆಗಾಲಿಡಬೇಕು. ಕೊಡಬೇಕಾದ ದುಡ್ಡನ್ನೇ ಕೂಲಿಯ ಹಾಗೆ ಮುಂದೆ ಹಿಡಿದು, ಇನ್ನೊಬ್ಬಳನ್ನು ಗುಂಡಿಗೆ ತಳ್ಳು ಎನ್ನುತ್ತಿದ್ದಾನೆ. ಸುಳ್ಳಾದರೂ ಅವನೇ ಹೇಳಿಕೊಳ್ಳಬಾರದೇ? ಅದಕ್ಕೂ ಬಾಯಿ ತನ್ನದೇ ಬೇಕು.

"ದುಡ್ಡು ಹಾಕಿ. ಮತ್ತೆ ಇಳೀತೇನೆ" ಎಂದಳು.

"ಮೊದಲು ಹೋಗಿ ಹೇಳಿ."

"ಮೊದಲು ಮುಂಗಡ ತಗೊಳ್ಳುವುದು ನಿಮಗೆ ಅಭ್ಯಾಸ ಉಂಟಲ್ಲ, ಕೊಟ್ಟೂ ನೋಡಿ."

ಕೆಳಗೆ ಈಶ್ವರಪ್ರಸಾದ ಚಾದ ದುಡ್ಡು ಕೊಟ್ಟು ಕೊಡೆ ಬಿಡಿಸಿದ. ಕೃಷ್ಣಕುಮಾರ ಅದನ್ನು ಕಂಡು, ತುಟಿ ಕಚ್ಚಿ, ಫೋನಿನಲ್ಲಿ ಬೆರಳಾಡಿಸಿದ. ಯಜಮಾನರಿಗೆ ಹೋಗಿಯಾಯಿತು ಎಂದಿದ್ದ ದುಡ್ಡು ಅರ್ಧ ನಿಮಿಷದಲ್ಲಿ ಲೋಲಾಕ್ಷಿಯ ಖಾತೆಗೆ ಬಂತು. ಅವಳು ಸೊನ್ನೆಗಳನ್ನು ಎರಡು ಸಲ ನೋಡಿದಳು. ಅಲ್ಲೇ ನಿಂತು ಅಷ್ಟನ್ನೂ ಸೌದಾಮಿನಿ ಟೀಚರಿಗೆ ಕಳಿಸಿದಳು. ಮಗಳ ಕೈ ಹಿಡಿದು, ಕೊಡೆ ತೆಗೆದುಕೊಂಡು ಮೆಟ್ಟಲಿಳಿದಳು.

ಕೃಷ್ಣಕುಮಾರ ಕಿಟಕಿಯಲ್ಲಿ ನಿಂತು ನೋಡುತ್ತಿದ್ದ.

ಲೋಲಾಕ್ಷಿ ರಸ್ತೆ ದಾಟಿ ಶ್ರೀವಾಣಿಯ ಎದುರು ನಿಂತಳು. "ತಂಗಿ, ಮನೆ ಒಳ್ಳೆಯದುಂಟು ಅಂತ ನಿಮ್ಮ ಹತ್ರ ಹೇಳ್ಬೇಕಂತೆ. ಅದಕ್ಕೋಸ್ಕರ ನನ್ನ ದುಡ್ಡು ನನಗೆ ಈಗ ವಾಪಸ್ ಕೊಟ್ಟ. ಒಳ್ಳೆಯದಿಲ್ಲ. ನಂಬಿಕೆ ಇಲ್ಲದಿದ್ರೆ ಈಗಲೇ ಒಂದು ಆಟೋ ಮಾಡಿ ಹೋಗಿ ನೋಡಿ. ಓಣಿಯ ಬಾಯಲ್ಲಿ ಕುಂಞಣ್ಣನ ಅಂಗಡಿ ಉಂಟು. ಕೇಳಿದ್ರೆ ಹೇಳ್ತಾರೆ. ಕೇಳದಿದ್ರೆ ಹೇಳುವುದಿಲ್ಲ, ಪಾಪದ ಜನ."

ಶ್ರೀವಾಣಿ ಗಂಡನ ಕಡೆ ತಿರುಗಿದಳು. "ನಾನು ಆಗಲೇ ಹೇಳ್ಲಿಲ್ವಾ, ನೋಡದೆ ಬೇಡ ಅಂತ" ಎಂದಳು. ಈಶ್ವರಪ್ರಸಾದ ಆಫೀಸಿನ ಕಿಟಕಿಯತ್ತ ತಲೆಯೆತ್ತಿ ನೋಡಿದ.

"ಏ ಅಕ್ಕ, ಎಂತ ಹೇಳಿದ್ದು ನೀವು?" ಮೇಲಿನಿಂದ ಕೃಷ್ಣಕುಮಾರನ ದನಿ ಬಂತು. "ಮಾತು ಕೊಟ್ಟು ಮೋಸ ಮಾಡ್ತೀರಾ?"

"ಇಳೀತೇನೆ ಅಂತ ಹೇಳಿದ್ದು, ಇಳಿದೆ" ಎಂದು ಲೋಲಾಕ್ಷಿ ಅಷ್ಟೇ ಗಟ್ಟಿಯಾಗಿ ಹೇಳಿದಳು. "ದುಡ್ಡೂ ನನ್ನದು, ಬಾಯಿಯೂ ನನ್ನದು."

ಹೋಟೆಲಿನವನು ಚಾದ ಪಾತ್ರೆ ಬಿಟ್ಟು ಹೊರಗೆ ಬಂದು ನಿಂತಿದ್ದ. ಮೊಬೈಲ್ ಅಂಗಡಿಯ ಇಬ್ಬರು ಹುಡುಗಿಯರೂ ಬಾಗಿಲಿಗೆ ಬಂದಿದ್ದರು. "ಎಂತ ಆದದ್ದು?" ಎಂದು ಅವರಲ್ಲೊಬ್ಬಳು ಕೇಳಿದಳು. ಲೋಲಾಕ್ಷಿ ಅವಳಿಗೂ ಹೇಳಿದಳು, ಮೊದಲಿನಿಂದ, ಒಂದೂ ಬಿಡದೆ. ಮೇಲಿನ ಕಿಟಕಿ ಮುಚ್ಚಿಕೊಂಡಿತು.

ಬಸ್ಸಿನಲ್ಲಿ ಟೀಚರಿನ ಮೆಸೇಜು ಬಂತು, ದುಡ್ಡು ಸಿಕ್ಕಿತು, ಆಟಿ ಕಳೆದು ಬಾ ಎಂದು. ಅದರ ಹಿಂದೆಯೇ ಕೃಷ್ಣಕುಮಾರನ ಕರೆ. ಲೋಲಾಕ್ಷಿ ನೋಡುತ್ತ ಕುಳಿತಳು. ಅದು ನಿಂತಿತು, ಮತ್ತೆ ಸುರುವಾಯಿತು.

"ಯಾರಮ್ಮ?"

"ಆ ಬ್ರೋಕರ್ ಮಾಮ."

"ಇನ್ನೆಂತ ಬೇಕಂತೆ ಅವರಿಗೆ?"

"ಕೇಳ್ಲಿಲ್ಲ ನಾನು" ಎಂದಳು ಲೋಲಾಕ್ಷಿ. ತನಗಿಂತ ಮೊದಲು ಆ ಮನೆಯಲ್ಲಿ ಹಾಲುಕ್ಕಿಸಿದ ಇನ್ನೆರಡು ಸಂಸಾರದ ನಂಬರೂ ಕುಂಞಣ್ಣನ ಅಂಗಡಿಯಲ್ಲಿ ಇರಬಹುದು, ನಾಳೆ ಹೋಗಿ ಕೇಳಬೇಕು ಎಂದು ಯೋಚಿಸುತ್ತ, ಡಬ್ಬಿಯಲ್ಲಿ ಉಳಿದಿದ್ದ ದೋಸೆಯನ್ನು ಮುರಿದು ಅರ್ಧ ಮಗಳಿಗೆ ಕೊಟ್ಟು, ಅರ್ಧವನ್ನು ತಾನು ತಿಂದಳು. ಬೆಳಗ್ಗಿನಿಂದ ಅವಳ ಹೊಟ್ಟೆಗೆ ಏನೂ ಹೋಗಿರಲಿಲ್ಲ.