ಪಿಳ್ಳಮ್ಮ ಎತ್ತಿಡದ ಹಗ್ಗ

ನಮ್ಮ ಮನೆಹೆಸರನ್ನು ಕಿತ್ತುಹಾಕುವ ಅಫಿಡವಿಟ್‌ಗೆ ಇಬ್ಬರು ಸಾಕ್ಷಿಗಳ ಸಹಿ ಬೇಕೆಂದು ವಕೀಲರು ಹೇಳಿದ್ದರು. ಒಂದು ಸಹಿ ಆಗಿತ್ತು. ಇನ್ನೊಂದಕ್ಕೆ ಸಂಪಿಗೆ ರಸ್ತೆಯ ನನ್ನ ಪಾತ್ರೆ ಅಂಗಡಿಯ ಬಾಗಿಲೆಳೆದು ವೈಯಾಲಿಕಾವಲ್‌ನ ಅಂಜಮ್ಮನವರ ಮನೆಗೆ ಹೋದೆ. ನಿವೃತ್ತ ನರ್ಸ್, ಎಂಬತ್ತು ದಾಟಿದವರು, ನಮ್ಮಪ್ಪನನ್ನು ಎತ್ತಿ ಆಡಿಸಿದವರು. ನಾನು ಕೇಳಿದ್ದಕ್ಕೆ ಯಾವತ್ತೂ ಇಲ್ಲ ಎಂದವರಲ್ಲ.

ಹಗ್ಗದಮನೆ ವೇಣು. ಇದೂ ಒಂದು ಹೆಸರೇ? "ನಿಮ್ಮನೇಲಿ ಯಾರೋ ನೇಣು ಹಾಕ್ಕೊಂಡಿದ್ದು?" ಎಂದು ಶಾಲೆಯಲ್ಲಿ ಹತ್ತು ವರ್ಷ ಕೇಳಿಸಿಕೊಂಡೆ. ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರಿ ನಮ್ಮನ್ನು ಸಾಕಿದ ಅಪ್ಪ, ಅದು ತನ್ನ ಅಜ್ಜಿ ಪಿಳ್ಳಮ್ಮನ ಕಾಲದ್ದು, ಹೆಚ್ಚು ಗೊತ್ತಿಲ್ಲ ಎನ್ನುತ್ತಿದ್ದರು. ಜೂನ್‌ನಲ್ಲಿ ಮಗಳು ಲಾಸ್ಯಾ ಒಂದನೇ ಕ್ಲಾಸು ಸೇರುತ್ತಾಳೆ. ಅವಳೂ ಅದನ್ನೇ ಕೇಳಿಸಿಕೊಳ್ಳುವುದು ನನಗೆ ಬೇಕಿರಲಿಲ್ಲ.

ಅಂಜಮ್ಮ ಕನ್ನಡಕ ಹಾಕಿಕೊಂಡು ಕಾಗದವನ್ನು ಪೂರ್ತಿ ಓದಿದರು. ಪೆನ್ನಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು.

"ಇದಕ್ಕೆ ನಾನು ಸೈನ್ ಹಾಕಲ್ಲ ಕಣಪ್ಪ."

ನನಗೆ ರೇಗಿತು. ಹೆಸರು ಹೊತ್ತು ತಿರುಗಿದವನು ನಾನು, ಇವರ ಗಂಟೇನು ಹೋಗುತ್ತದೆ ಎಂದುಕೊಂಡೆ. ಅವರು ನನ್ನನ್ನು ಕೂರಿಸಿ ನಿಧಾನವಾಗಿ ಹೇಳತೊಡಗಿದರು.

ಪಿಳ್ಳಮ್ಮನ ಸೊಪ್ಪಿನ ತೋಟದಲ್ಲಿ ಒಂದು ಬಾವಿ ಇತ್ತಂತೆ. ತೋಟದ ಆಚೆಗೆ ಅಂಜಮ್ಮನವರ ಕೇರಿ. ಅಲ್ಲಿಯ ಹೆಂಗಸರು ಯಾರ ಬಾವಿಯನ್ನೂ ಮುಟ್ಟುವಂತಿರಲಿಲ್ಲ. ಕೊಡ ಕೆಳಗಿಟ್ಟು ದೂರ ನಿಂತು, ಯಾರಾದರೂ ಸೇದಿ ಹುಯ್ಯಲಿ ಎಂದು ಕಾಯಬೇಕಿತ್ತು. ನೀರು ಸೇದಿದ ಮೇಲೆ ಹಗ್ಗವನ್ನು ಮನೆಯೊಳಗೆ ಎತ್ತಿಡುವುದು ಎಲ್ಲರ ರೂಢಿ. ಒಂದು ಬೇಸಿಗೆಯಲ್ಲಿ ಪಿಳ್ಳಮ್ಮ ಹಗ್ಗವನ್ನು ರಾಟೆಯ ಮೇಲೇ ಬಿಟ್ಟು, ಇನ್ನು ನೀವೇ ಸೇದಿಕೊಳ್ಳಿ ಎಂದರು. ಸುತ್ತಲಿನವರು ಅವರ ಸೊಪ್ಪು ಕೊಳ್ಳುವುದನ್ನು ನಿಲ್ಲಿಸಿ, ಹಗ್ಗದ ಮನೆ ಎಂದು ಆಡಿಕೊಂಡರು. ಪಿಳ್ಳಮ್ಮ ಜಗ್ಗಲಿಲ್ಲ. ಕುಕ್ಕೆ ಹೊತ್ತು ದೂರದ ಮಾರ್ಕೆಟ್ಟಿಗೆ ನಡೆದರು. ಮಗನನ್ನು ಶಾಲೆಗೆ ಸೇರಿಸುವಾಗ ಮೇಷ್ಟರು ಮನೆಹೆಸರು ಕೇಳಿದರೆ, ಬೈದವರ ಮಾತನ್ನೇ ತಲೆಯೆತ್ತಿ ಬರೆಸಿದರಂತೆ. ಆ ಮಗ, ಅಂದರೆ ನಮ್ಮ ತಾತ, ಶಾಲೆಯ ಮಕ್ಕಳ ಗೇಲಿಗೆ ನೊಂದು ಮನೆಯಲ್ಲಿ ಯಾರಿಗೂ ಅದನ್ನು ಹೇಳಲಿಲ್ಲ.

ಎಂಥ ಹೆಂಗಸು ಎಂದುಕೊಂಡೆ. ಅವರ ಮುಂದಿದ್ದ ಕಾಗದ ನೋಡಿ ನಾಚಿಕೆಯಾಯಿತು.

"ನಮ್ಮವ್ವ ಮೊದಲ್ನೇ ಸಲ ಕೈಯಾರೆ ನೀರು ಸೇದಿದ್ದು ಅಲ್ಲೇ. ನಾನು ಸೆರಗು ಹಿಡ್ಕೊಂಡು ನಿಂತಿದ್ದೆ," ಎಂದರು ಅಂಜಮ್ಮ. "ಪಿಳ್ಳಮ್ಮ ಆ ಹಗ್ಗನ ಒಂದಿನಾನೂ ಒಳಗೆ ಎತ್ತಿಡ್ಲಿಲ್ಲ. ಈಗ ನೀನು ಎತ್ತಿಡ್ತೀಯಾ?"

ಅಫಿಡವಿಟ್ಟನ್ನು ಮಡಿಚಿ ಜೇಬಿಗಿಟ್ಟೆ. ಶಾಲೆಯ ಅರ್ಜಿ ಬ್ಯಾಗಿನಲ್ಲೇ ಇತ್ತು. ಅವರ ಪೆನ್ನನ್ನೇ ತೆಗೆದುಕೊಂಡು, ಹಗ್ಗದಮನೆ ಲಾಸ್ಯಾ ಎಂದು ಬರೆದೆ. ಶಾಲೆಯಲ್ಲಿ ಯಾರಾದರೂ ಅವಳನ್ನು ಆ ಪ್ರಶ್ನೆ ಕೇಳಲಿ ಎಂದು ಈಗ ನನಗೇ ಆಸೆ.