ಮಗ್ಗುಲಾದರೆ ಒಂದು ಮೊಳ

ಫರ್ಗಲಿ ಚಪ್ಪಡಿ ಸರಿಸಿ ಗೋರಿಯೊಳಗೆ ಇಳಿದವನು ಅಷ್ಟೇ ಬೇಗ ಮೇಲೆ ಬಂದ. ಮೂವತ್ತು ವರ್ಷದಿಂದ ಅಲೆಕ್ಸಾಂಡ್ರಿಯದ ಆ ಸ್ಮಶಾನ ಕಾಯುತ್ತಿದ್ದ ಅವನಿಗೆ ಮಾತು ತಡವರಿಸಿತು.

"ಅಮ್ಮಾ, ಗಂಡಸರ ಕೋಣೇಲಿ ಜಾಗ ಇಲ್ಲ."

ಬಹೀಗಾಗೆ ಅರ್ಥವಾಗಲಿಲ್ಲ. ಅದು ಗಂಡನ ಮನೆತನದ ಗೋರಿ, ನೆಲದಡಿ ಗಂಡಸರಿಗೊಂದು ಹೆಂಗಸರಿಗೊಂದು ಕೋಣೆ. ಗಂಡಸರ ಕೋಣೆಯಲ್ಲಿರಬೇಕಾದವರು ಮಾವ, ಮಾವನ ಅಪ್ಪ, ಇಬ್ಬರೇ. ಅಪ್ಪನ ಪಕ್ಕ ಮಲಗಿಸು ಎಂಬುದೊಂದನ್ನೇ ಸಾಯುವ ಮುಂಚೆ ಗಂಡ ವಗ್ದಿ ಅವಳಲ್ಲಿ ಕೇಳಿಕೊಂಡಿದ್ದ. ಅವನ ಶವವಿದ್ದ ಜನಾಜಾ ಹೊತ್ತವರು ಬಿಸಿಲಲ್ಲಿ ಭುಜ ಬದಲಿಸಿದರು.

"ಒಳಗೆ ಎಷ್ಟು ಜನ?" ಟಾಂಟಾದಿಂದ ಬಂದಿದ್ದ ಮೈದುನ ಲುತ್ಫಿ ಕೇಳಿದ.

"ಹನ್ನೊಂದು."

"ಅತ್ತಿಗೆ, ನಮ್ಮ ವಂಶ ಇಷ್ಟು ದೊಡ್ಡದು ಅಂತ ನನಗೆ ಯಾರೂ ಹೇಳಲೇ ಇಲ್ಲವಲ್ಲ."

"ಪ್ರತಿ ಸಲ ಇವರೇ ಕಾಗದ ತಂದ್ರು," ಎಂದ ಫರ್ಗಲಿ ಜನಾಜಾದತ್ತ ಕೈ ತೋರಿಸಿ. "ಚಿಕ್ಕಪ್ಪನ ಮಗ ಅಂದ್ರು, ಸೋದರತ್ತೆ ಮಗ ಅಂದ್ರು. ಆಸ್ಪತ್ರೆ ಮೊಹರೂ ಇತ್ತು. ಸಾಯೋದಕ್ಕೆ ಇಷ್ಟು ಅವಸರ ಇರೋ ಮನೆತನ ನಾನು ಕಂಡಿಲ್ಲ ಅಂದ್ಕೊಂಡೆ."

ಹಿಂದೆ ಮೂವತ್ತು ಜನ ನಿಂತಿದ್ದರು, ಕೈಯಲ್ಲಿ ಚೀಲ ಹಿಡಿದು. ಬಹೀಗಾಗೆ ಅವರಲ್ಲಿ ಒಬ್ಬರ ಗುರುತೂ ಇಲ್ಲ. ಒಬ್ಬ ಮುದುಕಿ ಮುಂದೆ ಬಂದಳು.

"ನಾನು ಇನ್‌ಶಿರಾ, ತಾಯಿ. ಟ್ರಾಮ್ ನಿಲ್ದಾಣದಲ್ಲಿ ಆರು ವರ್ಷ ಮಲಗಿದವಳು. ನಿಮ್ಮ ಯಜಮಾನರೇ ಆಶ್ರಯಕ್ಕೆ ಕಳಿಸಿದ್ದು. ಅವರು ತುಂಬೋ ಕಾಗದದಲ್ಲಿ ಸಂಬಂಧಿಕರು ಯಾರು ಅಂತ ಒಂದು ಸಾಲಿದೆ. ಯಾರೂ ಇಲ್ಲ ಅಂದ್ರೆ ತಮ್ಮ ಹೆಸರೇ ಬರೆಯೋರು. ಖಾಲಿ ಬಿಟ್ರೆ, ಸತ್ತಾಗ ಹೆಣಾನ ಆಸ್ಪತ್ರೆಯಿಂದ ಬಿಡಿಸ್ಕೊಳ್ಳೋರು ಯಾರು? ನನಗೂ ಅವರು ಅಣ್ಣ. ಕಾಗದದಲ್ಲಿ."

*

ಒಂದು ಸಲ ಬಹೀಗಾ ಊಟದ ಡಬ್ಬಿ ಹಿಡಿದು ವಗ್ದಿಯ ಕಚೇರಿಗೆ ಹೋಗಿದ್ದಳು. ಒಂದು ಮೇಜು, ಒಂದು ಫೋನು. ಮನೆಯಿಲ್ಲದವರು ಮೊದಲು ಅಲ್ಲಿಗೆ ಬರಬೇಕು, ಎಲ್ಲಿ ಜಾಗವಿದೆಯೆಂದು ಹುಡುಕಿ ಅವನು ಕಳಿಸಬೇಕು. ಅಂದು ಬೆಂಚಿನ ಮೇಲೆ ಒಬ್ಬ ಮುದುಕ ಕೂತಿದ್ದ. ವಗ್ದಿ ನಾಲ್ಕನೆಯ ಆಶ್ರಯಕ್ಕೆ ಫೋನು ಮಾಡುತ್ತಿದ್ದ.

"ಹಾಸಿಗೆ ಇಲ್ಲ ಅಂತ ನನಗೂ ಗೊತ್ತು ಮಾರಾಯ. ಮನುಷ್ಯ ಮಗ್ಗುಲಾದ್ರೆ ಒಂದು ಮೊಳ ಸಾಕು. 'ಸ್ವಲ್ಪ ಸರೀರಪ್ಪ' ಅಂತ ಹೇಳಿ ನೋಡು. ಸರೀತಾರೆ."

ಆಮೇಲೆ ಮುದುಕನ ಕಾಗದದಲ್ಲಿ ತನ್ನ ಹೆಸರು ಬರೆದ. ಸಹಿ ಹಾಕಿದನೆಂದು ಬಹೀಗಾ ತಿಳಿದಳು. "ಸಾರು ಆರಿಹೋಗುತ್ತೆ," ಎಂದು ಗೊಣಗಿದಳು. ಮುದುಕ ಚೀಲದಿಂದ ಒಂದು ಹಿಡಿ ಹುರಿದ ಕಲ್ಲಂಗಡಿ ಬೀಜ ತೆಗೆದು ಅವಳ ಕೈಗೆ ಸುರಿದ.

*

"ಒಂದಿಬ್ಬರನ್ನ ಹೊರಗೆ ತೆಗೀರಿ," ಎಂದ ಲುತ್ಫಿ. "ದಿಕ್ಕಿಲ್ಲದವರಿಗೆ ಅಂತ ಧರ್ಮದ ಗೋರಿಗಳಿವೆಯಲ್ಲ."

"ಕೊನೆಯವನು ಬಂದು ಎರಡೇ ತಿಂಗಳು. ಮಣ್ಣಾಗದೆ ಯಾರನ್ನೂ ಮುಟ್ಟೋ ಹಾಗಿಲ್ಲ," ಎಂದ ಫರ್ಗಲಿ. " ಬೇಕಾದ್ರೆ ಇವರನ್ನೇ ಧರ್ಮದ ಗೋರಿಗೆ..."

"ನಮ್ಮಣ್ಣನನ್ನಾ?"

ಎಲ್ಲರೂ ಬಹೀಗಾಳ ಮುಖ ನೋಡಿದರು. ಯಾರ ಮೇಲೆ ಸಿಟ್ಟಾಗಬೇಕೋ ಅವಳಿಗೆ ತಿಳಿಯಲಿಲ್ಲ. ಮೂವತ್ತೆಂಟು ವರ್ಷ ಒಂದೇ ಮಂಚದಲ್ಲಿ ಮಲಗಿದವನು ಇದೊಂದನ್ನು ಹೇಳಲಿಲ್ಲ. ಈಗ ಕೇಳೋಣವೆಂದರೆ ಬಿಳಿಬಟ್ಟೆ ಸುತ್ತಿಕೊಂಡು ಸುಮ್ಮನಿದ್ದಾನೆ.

"ಮಾವನ ಪಕ್ಕ ಇರೋದು ಯಾರು?"

"ಎರಡು ತಿಂಗಳ ಹಿಂದೆ ಬಂದವನು," ಎಂದ ಫರ್ಗಲಿ.

"ಸರ್ಹಾನ್ ತಾತ," ಎಂದಳು ಇನ್‌ಶಿರಾ. "ಕಲ್ಲಂಗಡಿ ಬೀಜ ಹುರಿದು ಮಾರ್ತಿದ್ದ. ಒಳ್ಳೆಯವನು ತಾಯಿ. ಗೊರಕೆ ಮಾತ್ರ ಜಾಸ್ತಿ."

ಬಹೀಗಾ ತನ್ನ ಅಂಗೈಯನ್ನು ಸ್ವಲ್ಪ ಹೊತ್ತು ನೋಡಿಕೊಂಡಳು.

"ಅವರಿಬ್ಬರ ನಡುವೆ ಎಷ್ಟು ಸಂದಿದೆ?"

"ಒಂದು ಮೊಳ ಇದ್ದೀತು. ಒಂದು ಮೊಳದಲ್ಲಿ ಯಾರನ್ನ ಮಲಗಿಸ್ತೀರಮ್ಮ?"

"ಮಗ್ಗುಲಾಗೇ ಅಲ್ವಾ ಮಲಗಿಸೋದು? ಇಳಿಸಿ."

ಫರ್ಗಲಿಯೂ ಲುತ್ಫಿಯೂ ಕೆಳಗಿಳಿದು ವಗ್ದಿಯನ್ನು ತಲೆಯ ಕಡೆಯಿಂದ ಒಳಗೆ ತೆಗೆದುಕೊಂಡರು. ಏದುಸಿರು ಕೇಳಿಸಿತು, ಬಟ್ಟೆ ಗೋಡೆಗೆ ಉಜ್ಜಿದ ಸದ್ದು ಕೇಳಿಸಿತು, ಆಮೇಲೆ ಏನೂ ಇಲ್ಲ. ಬಹೀಗಾ ಗೋರಿಯ ಬಾಯಿಯ ಹತ್ತಿರ ಮಂಡಿಯೂರಿ ಕತ್ತಲೆಯತ್ತ ಬಾಗಿದಳು.

"ಸ್ವಲ್ಪ ಸರೀರಪ್ಪ," ಎಂದಳು.

ಅವಳ ಬೆನ್ನ ಹಿಂದೆ ಆ ಮೂವತ್ತು ಜನ, ಚೀಲಗಳನ್ನು ಎದೆಗೊತ್ತಿಕೊಂಡು, ಒಂದೊಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತರು.