ತಲೆಯಾಡಿಸುವವನ ಕುರ್ಚಿ

ಕಜೀಪನ್‌ನ ಸಿನಿಮಾದಲ್ಲಿ ಹೆಣವಾಗಲು ನಮ್ಮೂರಿನಲ್ಲಿ ಪೈಪೋಟಿ ಇತ್ತು. ಹೆಣಕ್ಕೆ ಮಾತಿಲ್ಲ, ಓಡಾಟವಿಲ್ಲ, ಶಾಲೆಯ ಬೇವಿನ ಮರದ ಕೆಳಗೆ ಬಿದ್ದುಕೊಂಡರೆ ಮಧ್ಯಾಹ್ನಕ್ಕೆ ಊಟದ ಪೊಟ್ಟಣ. ಬೀಟ್ರೂಟ್ ಕುದಿಸಿ ತಾಳೆಬೆಲ್ಲ ಕಲಸಿ ರಕ್ತ ಮಾಡಿದವಳು ನಾನು. ಎರಡನೆಯ ದಿನದಿಂದ ಹೆಣಗಳಿಗೆ ಇರುವೆ ಮುತ್ತತೊಡಗಿತು.

"ಶಾಂಭವೀ, ಬೆಳಗ್ಗೆಯಿಂದ ಸತ್ತಿದ್ದೀನಿ, ಒಂದು ಪ್ಲೇನ್ ಟೀಗೂ ಗತಿ ಇಲ್ವೇನೇ" ಎಂದು ಮಾರ್ಕಂಡು ಅಪ್ಪು ಕಣ್ಣು ಮುಚ್ಚಿಕೊಂಡೇ ಕೇಳಿದ. ಎಪ್ಪತ್ತು ದಾಟಿದ ಮೀನುಗಾರ, ನಮ್ಮ ಬೀದಿಯವನು, ಊರಿಗೆಲ್ಲ ಅಪ್ಪು, ಅಂದರೆ ಅಜ್ಜ.

"ಅಪ್ಪು, ಹೆಣ ಮಾತಾಡಬಾರದು" ಎಂದ ಕಜೀಪನ್ ಕ್ಯಾಮೆರಾದ ಹಿಂದಿನಿಂದ.

"ಈ ಊರಲ್ಲಿ ಹೆಣ ಬಿಟ್ಟು ಬೇರೆ ಯಾರು ಬಾಯಿ ಬಿಟ್ಟಿದ್ದಾರೋ ತಮ್ಮಾ."

ಹೆಣಗಳೆಲ್ಲ ನಕ್ಕವು. ಮತ್ತೆ ಮೊದಲಿನಿಂದ ತೆಗೆಯಬೇಕಾಯಿತು.

ಅದು ಪೆಟ್ರೋಲ್ ಇಲ್ಲದ ವರ್ಷ. ಮೇಷ್ಟ್ರುಗಳು ಬರಲಾಗದೆ ಶಾಲೆ ಮುಚ್ಚಿತ್ತು, ಆದ್ದರಿಂದ ಮೈದಾನ ನಮಗೆ ಸಿಕ್ಕಿತ್ತು. ಕಜೀಪನ್‌ಗೆ ಇಪ್ಪತ್ಮೂರು. ಜಾಫ್ನಾ ಪಟ್ಟಣದಲ್ಲಿ ಮದುವೆಗಳ ವಿಡಿಯೋ ತೆಗೆಯುತ್ತಿದ್ದವನು, ಇದು ಅವನ ಮೊದಲ ಸಿನಿಮಾ. ಕಥೆ ಸರಳ. ಒಂದು ಊರಿನ ಬಾವಿಯಿಂದ ರೋಗ ಹುಟ್ಟುತ್ತದೆ. ತಗುಲಿದವರಿಗೆ ತಗುಲಿದ್ದು ಗೊತ್ತಾಗುವುದಿಲ್ಲ. ಮೂರನೆಯ ದಿನ ಮನೆಯವರನ್ನೇ ಕಚ್ಚುತ್ತಾರೆ. ಸೈನ್ಯ ಊರನ್ನು ಸುತ್ತುವರಿಯುತ್ತದೆ.

ಅನುಮತಿ ಕೇಳಲು ಹೋದಾಗ ಪೊಲೀಸರು ಎರಡು ಮಾತು ಹೇಳಿದ್ದರು: ಹಸಿರು ಬಟ್ಟೆ ಕೂಡದು, ಬಂದೂಕಿನಂಥದ್ದೇನೂ ಕಾಣಿಸಕೂಡದು. ಹಾಗಾಗಿ ನಮ್ಮ ಸೈನ್ಯ ಕೊರೊನಾ ಕಾಲದ ಬಿಳಿಯ ಪ್ಲಾಸ್ಟಿಕ್ ಅಂಗಿಯಲ್ಲಿತ್ತು, ಬೆನ್ನಿಗೆ ಈರುಳ್ಳಿ ಹೊಲಕ್ಕೆ ಔಷಧಿ ಹೊಡೆಯುವ ಡಬ್ಬ. ನೋಡಲು ಬಡ ಸೈನ್ಯ. ಆದರೂ ಮೊದಲ ದಿನ ಅವರು ಸಾಲಾಗಿ ಗೇಟಿನೊಳಗೆ ಬಂದಾಗ ಹೆಂಗಸರು ಮಾತು ನಿಲ್ಲಿಸಿದ್ದನ್ನು ನಾನು ಗಮನಿಸಿದೆ.

ನನಗೆ ಕಷ್ಟವಾಗಿದ್ದು ಆ ಸೈನ್ಯವಲ್ಲ, ಹದಿನಾಲ್ಕನೆಯ ದೃಶ್ಯ. ಅದರಲ್ಲಿ ಊರವರನ್ನೆಲ್ಲ ಮೈದಾನಕ್ಕೆ ತಂದು ಸಾಲಾಗಿ ನಿಲ್ಲಿಸುತ್ತಾರೆ. ರೋಗದ ವಾಸನೆ ಹಿಡಿಯಬಲ್ಲ ಒಬ್ಬನನ್ನು ತಲೆಗೆ ಗೋಣಿಚೀಲ ಹಾಕಿ ಕುರ್ಚಿಯಲ್ಲಿ ಕೂರಿಸಿರುತ್ತಾರೆ. ಒಬ್ಬೊಬ್ಬರೇ ಅವನ ಮುಂದೆ ನಿಂತು ಮುಖ ತೋರಿಸಬೇಕು. ಅವನು ತಲೆಯಾಡಿಸಿದರೆ ಆ ಮನುಷ್ಯ ಲಾರಿಗೆ.

ಕಜೀಪನ್ ಇದನ್ನು ಹಿರಿಯರ ಮಾತಿನಿಂದ ಎತ್ತಿದ್ದ. ತೊಂಬತ್ತಾರರ ಯುದ್ಧದ ಕಾಲದಲ್ಲಿ, ಸೈನ್ಯ ಹೋರಾಟಗಾರರನ್ನು ಹುಡುಕುವಾಗ, ಇದೇ ಮೈದಾನದಲ್ಲಿ ಇದೇ ನಡೆದಿತ್ತು. ಆವತ್ತು ಹನ್ನೊಂದು ಜನರ ಮುಂದೆ ಗೋಣಿಚೀಲ ಆಡಿತು. ಏಳು ಜನ ತಿಂಗಳುಗಳ ಮೇಲೆ ಮರಳಿದರು. ನಾಲ್ವರು ಮರಳಲಿಲ್ಲ.

ಚೀಲದೊಳಗೆ ಇದ್ದವನು ನನ್ನ ಅಪ್ಪ.

ಇದು ಊರಿಗೆ ಗೊತ್ತಿಲ್ಲ. ಸೈನ್ಯ ಅಪ್ಪನನ್ನು ಹಿಡಿದುಕೊಂಡು ಹೋಗಿದ್ದು ಗೊತ್ತು, ಆದರೆ ಆಗ ಯಾರನ್ನು ಹಿಡಿಯಲಿಲ್ಲ? ತಲೆಯಾಡಿಸಿದವನು ಪಕ್ಕದೂರಿನ ಒಬ್ಬ ಎಂದು ಜನ ತೀರ್ಮಾನಿಸಿದ್ದರು. ಅವನು ಕೊಲಂಬೊಗೆ ಓಡಿಹೋಗಿ ಅಲ್ಲೇ ಸತ್ತ. ನನಗೆ ಹೇಳಿದ್ದು ಅಮ್ಮ, ಸಾಯುವ ಮೊದಲು, ಆಸ್ಪತ್ರೆಯಲ್ಲಿ. ಒಂಬತ್ತು ದಿನ ತಲೆಕೆಳಗಾಗಿ ನೇತುಹಾಕಿ ಹೊಡೆದರಂತೆ, ಹತ್ತನೆಯ ದಿನ ಕೂರಿಸಿದರಂತೆ. ನನಗೆ ಗೊತ್ತೆಂದು ಅಪ್ಪನಿಗೂ ಗೊತ್ತು. ನಾವು ಆ ಬಗ್ಗೆ ಮಾತಾಡಿದ್ದಿಲ್ಲ. ನನಗೆ ಬೇಕಾಗಿದ್ದು ಒಂದೇ: ಅವನು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಸಾಯಬೇಕು. ನಾನು ಈ ಊರಿನಲ್ಲೇ ಬದುಕಬೇಕಾದವಳು.

ಆ ದೃಶ್ಯವನ್ನು ಕೈಬಿಡಿಸಲು ನಾನು ಪ್ರಯತ್ನಪಟ್ಟೆ.

"ಗೋಣಿಚೀಲ ಯಾಕೆ? ಜ್ವರ ನೋಡೋ ಗನ್ ಇಟ್ಕೊಂಡು ಒಬ್ಬೊಬ್ಬರ ಹಣೆಗೆ ಹಿಡೀಲಿ" ಎಂದೆ.

"ನೀನೇ ಅದನ್ನ ಗನ್ ಅಂದೆ" ಎಂದ ಕಜೀಪನ್. "ಪೊಲೀಸ್ರು ಬಿಡ್ತಾರಾ? ಅಲ್ಲದೆ ಅಕ್ಕಾ, ಆ ಚೀಲ ಇದೆಯಲ್ಲ, ಅದೇ ನನ್ನ ಸಿನಿಮಾ. ಮಿಕ್ಕಿದ್ದೆಲ್ಲ ಬೀಟ್ರೂಟು."

ಅಪ್ಪನಿಗೆ ಆ ದೃಶ್ಯ ತೆಗೆಯುವ ದಿನ ಮೈದಾನದ ಕಡೆ ಬರಬೇಡ ಎಂದಷ್ಟೇ ಹೇಳಿದೆ. ಅವನು ತಲೆಯೆತ್ತಲಿಲ್ಲ. ಪೆಟ್ರೋಲ್ ಇಲ್ಲದ ಮೇಲೆ ಊರೆಲ್ಲ ಮತ್ತೆ ಸೈಕಲ್ ಹತ್ತಿತ್ತು, ಅವನ ರಿಪೇರಿ ಅಂಗಡಿಗೆ ಪುರುಸೊತ್ತಿರಲಿಲ್ಲ.

ಆ ದಿನ ಬೆಳಗ್ಗೆ ಎಣಿಸಿದರೆ ಸಾಲಿಗೆ ಬಂದವರು ಇಪ್ಪತ್ತೆಂಟು ಜನ. ನಲವತ್ತು ಬೇಕಿತ್ತು. ಕಜೀಪನ್ ಬೀದಿಗೆ ಹೋಗಿ ಸಿಕ್ಕಿದವರನ್ನೆಲ್ಲ ಎಳೆದು ತಂದ. ಕೊನೆಯವನು ಅಪ್ಪ, ಕೈಯಲ್ಲಿನ್ನೂ ಗ್ರೀಸ್ ಇತ್ತು.

"ತಿಲ್ಲೈ ಮಾಮ ಬರಲ್ಲ ಅಂದ್ರು, ಬಿಡ್ತೀನಾ" ಎಂದ ಕಜೀಪನ್ ಹೆಮ್ಮೆಯಿಂದ.

ನಾನು ಅಪ್ಪನ ಕಡೆ ನೋಡಿದೆ. ಅವನು ಶಾಲೆಯ ಗೋಡೆಯ ಕಡೆ ನೋಡುತ್ತಿದ್ದ.

"ಎಲ್ಲರೂ ಸಾಲಾಗಿ ನಿಂತ್ಕೊಳ್ಳಿ" ಎಂದು ಕಜೀಪನ್ ಕೂಗಿದ. ಅವನು ಇನ್ನೂ ಏನೇನೋ ಹೇಳಿಕೊಡುವವನಿದ್ದ. ಅಷ್ಟರಲ್ಲೇ ಸಾಲು ಆಗಿಹೋಗಿತ್ತು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಐವತ್ತು ದಾಟಿದವರೆಲ್ಲ ಜೇಬಿನಿಂದ ಗುರುತಿನ ಚೀಟಿ ತೆಗೆದು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಿದ್ದರು. ಯಾರೂ ಹೇಳಿರಲಿಲ್ಲ. ಅಪ್ಪನೂ ಹಿಡಿದಿದ್ದ.

"ಸೂಪರ್" ಎಂದ ಕಜೀಪನ್. "ಸರಿ, ಕುರ್ಚಿಯಲ್ಲಿ ಯಾರು ಕೂರ್ತೀರಿ?"

ಆ ಪಾತ್ರದ ನಟ ವವುನಿಯಾದಿಂದ ಬರಬೇಕಿತ್ತು. ಬಸ್ಸಿರಲಿಲ್ಲ, ಬಂದಿರಲಿಲ್ಲ. ಗುಡಿಯಿಂದ ತಂದ ಪ್ಲಾಸ್ಟಿಕ್ ಕುರ್ಚಿ ಬಿಸಿಲಿನಲ್ಲಿ ಖಾಲಿ ನಿಂತಿತ್ತು. ಅದರ ಮೇಲೆ ಈರುಳ್ಳಿ ವ್ಯಾಪಾರಿಯ ಗೋಣಿಚೀಲ, ಎರಡು ತೂತು ಮಾಡಿದ್ದು.

ಒಬ್ಬನಿಗೆ ಮಂಡಿನೋವು. ಒಬ್ಬನಿಗೆ ಧೂಳು ಆಗುವುದಿಲ್ಲ.

"ಅಪ್ಪು, ನೀವು?"

"ನಾನು ಸತ್ತು ಎರಡು ದಿನ ಆಯ್ತಲ್ಲೋ" ಎಂದ ಮಾರ್ಕಂಡು. ಈ ಸಲ ಯಾರೂ ನಗಲಿಲ್ಲ.

"ಅಯ್ಯೋ, ಬರೀ ಚೀಲ ಮಾಮ, ಕಚ್ಚಲ್ಲ." ಕಜೀಪನ್‌ಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ಆ ಮೈದಾನದಲ್ಲಿ ಅದು ಆದಾಗ ಅವನು ಹುಟ್ಟಿರಲಿಲ್ಲ.

ನಾನೇ ಕೂರುತ್ತೇನೆ ಎನ್ನಬೇಕು ಎನ್ನುವಷ್ಟರಲ್ಲಿ ಹೆಂಗಸರ ಸಾಲಿನಿಂದ ನಾಗಪೂಷಣಿ ಮಾಮಿ ಹೊರಬಂದಳು.

"ತಾರೋ ಇಲ್ಲಿ. ನಲವತ್ತು ಜನ ಸೇರಿ ಒಂದು ಚೀಲಕ್ಕೆ ಹೆದರ್ತೀರಿ."

ಮರಳದ ಆ ನಾಲ್ವರಲ್ಲಿ ಒಬ್ಬ ಅವಳ ಮಗ ಕೇತೀಸ್. ಆಗ ಹತ್ತೊಂಬತ್ತು ವರ್ಷದವನು, ಒಬ್ಬನೇ ಮಗ. ಇಪ್ಪತ್ತಾರು ವರ್ಷದಿಂದ ಅವಳು ಅವನ ಫೋಟೊ ಹಿಡಿದುಕೊಂಡು ಕಚೇರಿ, ಕೋರ್ಟು, ಆಯೋಗ ಎಂದು ಅಲೆದವಳು.

"ಮಾಮಿ, ನಿಮಗೆ ಕಷ್ಟ ಆಗುತ್ತೆ" ಎಂದೆ ನಾನು.

"ಏಳು ದೇಶದ ಕ್ಯಾಮೆರಾ ಮುಂದೆ ಅತ್ತಿದ್ದೀನಿ ಕಣೇ. ಇವನ ಕ್ಯಾಮೆರಾಗೆ ಸುಮ್ಮನೆ ಕೂತ್ಕೊಳ್ಳೋದು ಕಷ್ಟವಾ?"

ಅವಳು ಕುಳಿತಳು. ಚೀಲ ಹಾಕಿದೆವು. ಒಳಗಿನಿಂದ ಎರಡು ಸಲ ಸೀನಿದಳು. ಮೂರನೆಯವನಿಗೆ ಮತ್ತು ಏಳನೆಯವನಿಗೆ ತಲೆಯಾಡಿಸಬೇಕು ಎಂದು ಕಜೀಪನ್ ಹೇಳಿದ. ಅಪ್ಪ ಒಂಬತ್ತನೆಯವನಾಗಿ ನಿಂತಿದ್ದ.

ಸಾಲು ಹೊರಟಿತು. ಮೂರನೆಯವನು ಮುಂದೆ ನಿಂತಾಗ ಚೀಲ ಅಲ್ಲಾಡಲಿಲ್ಲ. ಅವನು ದಾಟಿಹೋದ ಮೇಲೆ ಬರಿಯ ಗಾಳಿಗೆ ತಲೆಯಾಡಿಸಿತು. ನಿಲ್ಲಿಸಿದೆವು. ಎರಡನೆಯ ಸಲ ನಾಲ್ಕನೆಯವನಿಗೆ ಆಡಿಸಿದಳು. ಮೂರನೆಯ ಸಲ ಯಾರಿಗೂ ಇಲ್ಲ. ಅಪ್ಪ ಮೂರು ಸಲವೂ ಅವಳ ಮುಂದೆ ಬಂದು ನಿಂತು ಮುಖ ತೋರಿಸಿ ಮುಂದೆ ಹೋದ. ಬೆವರು ಸುರಿಯುತ್ತಿತ್ತು, ಆದರೆ ಅಲ್ಲಿ ಎಲ್ಲರಿಗೂ ಬೆವರು ಸುರಿಯುತ್ತಿತ್ತು.

"ಮಾಮಿ, ಎಣಿಸ್ತಾ ಇದ್ದೀರಾ ಇಲ್ವಾ?"

ಅವಳು ಚೀಲ ಕಿತ್ತು ತೊಡೆಯ ಮೇಲೆ ಹಾಕಿಕೊಂಡಳು. ಬಿಳಿಕೂದಲಿಗೆ ಈರುಳ್ಳಿ ಸಿಪ್ಪೆ ಅಂಟಿತ್ತು. "ಏನು ಎಣಿಸ್ಲಿ? ಒಂದೂ ಕಾಣಲ್ಲ. ತಲೆ ಸ್ವಲ್ಪ ಅಲ್ಲಾಡಿದ್ರೆ ತೂತು ಎಲ್ಲಿಗೋ ಹೋಗುತ್ತೆ. ಕೆಳಗೆ ಕಾಲು ಕಾಣುತ್ತೆ, ಅಷ್ಟೇ."

ಅವಳೇ ನಿಧಾನವಾಗಿ ಮುಂದುವರಿಸಿದಳು. "ಹಾಗಾದ್ರೆ ಆವತ್ತು ಕೂತವನಿಗೂ ಏನೂ ಕಂಡಿಲ್ಲ. ನನ್ನ ಮಗ ಅಂತ ಅವನಿಗೆ ಗೊತ್ತೇ ಆಗಿಲ್ಲ."

"ಹಿಂದಿನಿಂದ ಬೂಟಲ್ಲಿ ತಿವಿದಾಗ ಆಡಿಸಿರ್ತಾನೆ ಪೂಷಣಿ" ಎಂದ ಮಾರ್ಕಂಡು.

"ಹೌದು. ಪಾಪ, ಅವನಾದ್ರೂ ಏನ್ ಮಾಡ್ತಾನೆ."

ಸಾಲಿನಲ್ಲಿ ಒಂದಿಬ್ಬರು ತಲೆದೂಗಿದರು. ಯಾರೋ ಹೆಂಗಸು ಮೂಗು ಒರೆಸಿಕೊಂಡಳು. ನನ್ನ ಎದೆಯ ಮೇಲಿಂದ ಯಾರೋ ಕಾಲು ತೆಗೆದಂತಾಯಿತು. ಇಪ್ಪತ್ತಾರು ವರ್ಷದ ಮೇಲೆ, ಕೇಳದೆಯೇ, ಅವಳ ಬಾಯಿಂದಲೇ ಕ್ಷಮೆ ಬಂದಿತ್ತು. ಅಪ್ಪ ಇನ್ನು ಹತ್ತು ನಿಮಿಷ ಸುಮ್ಮನಿದ್ದರೆ ಸಾಕಿತ್ತು.

"ಕಚ್ಚಿ ಹಿಡೀಬೇಕು" ಎಂದ ಅಪ್ಪ.

"ಏನ್ ಮಾಮ?" ಕಜೀಪನ್ ತಿರುಗಿದ.

"ಗೋಣೀನ ಒಳಗಿಂದ ಹಲ್ಲಲ್ಲಿ ಕಚ್ಚಿ ಹಿಡೀಬೇಕು. ಆಗ ತೂತು ಕಣ್ಣಿನ ಮುಂದೇನೇ ನಿಲ್ಲುತ್ತೆ. ಚೆನ್ನಾಗಿ ಕಾಣುತ್ತೆ."

"ಅರೆ, ಇದು ನಂಗೆ ಹೊಳೀಲೇ ಇಲ್ಲ ನೋಡಿ" ಎಂದು ಕಜೀಪನ್ ನಕ್ಕ. ನಕ್ಕವನು ಅವನೊಬ್ಬನೇ. ಸಾಲಿನಲ್ಲಿ ಅಪ್ಪನ ಮುಂದಿದ್ದವನು ಒಂದು ಹೆಜ್ಜೆ ಮುಂದೆ ಹೋದ, ಹಿಂದಿದ್ದವನು ಒಂದು ಹೆಜ್ಜೆ ಹಿಂದೆ.

ಪೂಷಣಿ ಮಾಮಿ ಕುರ್ಚಿಯಿಂದ ಏಳಲಿಲ್ಲ.

"ನನ್ನ ಮಗಂದು ಯಾವ ಶರ್ಟು?" ಎಂದು ಕೇಳಿದಳು.

"ಬಿಳೀದು. ಶಾಲೆಯದು. ಜೇಬು ಹರಿದಿತ್ತು."

"ನಿನ್ನನ್ನ ನೋಡಿದ್ನಾ?"

"ನೋಡಿದ. ಕಣ್ಣು ನೋಡೇ ಗುರುತು ಹಿಡಿದ. ಹೆಸರು ಕರೆಯೋಕೆ ಅಂತ ಬಾಯಿ ತೆರೆದ. ಆಮೇಲೆ ಮುಚ್ಕೊಂಡ."

"ಕರೀಲಿಲ್ಲ."

"ಕರೀಲಿಲ್ಲ ಅಕ್ಕ."

"ಆದ್ರೂ ಆಡಿಸ್ದೆ."

"ಅದಕ್ಕೇ ಆಡಿಸ್ದೆ. ಬಿಟ್ರೆ ಊರಿಗೆ ಹೇಳ್ತಾನೆ ಅಂತ. ಅವನ ಹೆಸರು ಸೈನ್ಯದವರ ಪಟ್ಟೀಲಿ ಇರ್ಲಿಲ್ಲ."

ಇದು ಅಮ್ಮ ನನಗೆ ಹೇಳಿರಲಿಲ್ಲ. ಅಮ್ಮನಿಗೂ ಗೊತ್ತಿತ್ತೋ ಇಲ್ಲವೋ. ಒಂಬತ್ತು ದಿನದ ಹೊಡೆತ, ತಲೆಕೆಳಗೆ ನೇತಾಡಿದ ದೇಹ, ಇವುಗಳ ಮೇಲೆ ನಾನು ಒಬ್ಬ ಅಪ್ಪನನ್ನು ಕಟ್ಟಿ ನಿಲ್ಲಿಸಿಕೊಂಡಿದ್ದೆ. ಮೂರು ಮಾತಿನಲ್ಲಿ ಅದು ಬಿತ್ತು.

ಮಾಮಿ ಅಪ್ಪನ ಮುಖ ನೋಡಿದಳು. ಅವಳು ಹೊಡೆಯುತ್ತಾಳೆ, ಮಣ್ಣು ತೂರುತ್ತಾಳೆ, ಶಾಪ ಹಾಕುತ್ತಾಳೆ ಎಂದು ಕಾಯುತ್ತ ನಿಂತೆ. ಹಾಗೇನೂ ಆಗಲಿಲ್ಲ.

"ಲಾರಿ ಎಲ್ಲಿಗೆ ಹೋಯ್ತು?" ಎಂದಳು.

"ಗೊತ್ತಿಲ್ಲ."

"ಕ್ಯಾಂಪಲ್ಲಿ ಆಮೇಲೆ ನೋಡಿದ್ಯಾ?"

"ಇಲ್ಲ."

"ಯಾರಾದ್ರೂ ಏನಾದ್ರೂ ಹೇಳಿದ್ದು? ಒಂದು ಊರಿನ ಹೆಸರು, ಒಂದು ಬಾವಿ, ಒಂದು ತೋಟ?"

"ಇಲ್ಲ ಅಕ್ಕ. ನಂಗೆ ಚೀಲ ತೆಗೆದ ಮೇಲೆ ಏನೂ ತೋರಿಸ್ಲಿಲ್ಲ."

"ಅಷ್ಟೂ ಗೊತ್ತಿಲ್ದಿದ್ಮೇಲೆ ನೀನು ನಂಗೆ ಯಾತಕ್ಕೋ ಬೇಕು" ಎಂದಳು.

ಎದ್ದು, ಸೀರೆ ಕೊಡವಿಕೊಂಡು, ಬೇವಿನ ಮರದ ಕೆಳಗಿಟ್ಟಿದ್ದ ಊಟದ ಪೊಟ್ಟಣಗಳಲ್ಲಿ ಒಂದನ್ನು ತೆಗೆದುಕೊಂಡು ಗೇಟಿನಿಂದ ಹೊರಗೆ ನಡೆದಳು. ಹೆಂಗಸರು ಅವಳ ಹಿಂದೆ ಹೋದರು. ಗಂಡಸರು ಗುರುತಿನ ಚೀಟಿಗಳನ್ನು ಜೇಬಿಗಿಟ್ಟುಕೊಂಡು ಹೋದರು. ಬಿಳಿಯ ಅಂಗಿಯ ಸೈನಿಕರು ಒಬ್ಬರ ಮುಖ ಒಬ್ಬರು ನೋಡುತ್ತ ಡಬ್ಬಗಳನ್ನು ಇಳಿಸಿದರು. ಕಜೀಪನ್ ಕ್ಯಾಮೆರಾ ಆರಿಸಲು ಮರೆತಿದ್ದ. ನಾನು ಹೋಗಿ ಆರಿಸಿದೆ. "ಅಕ್ಕಾ, ನಂಗೆ ಗೊತ್ತಿರ್ಲಿಲ್ಲ" ಎಂದ. ನಿನಗೆ ಗೊತ್ತಿರಲಿಲ್ಲ, ಸರಿ, ಎಂದೆ.

ಅಪ್ಪ ಮತ್ತು ನಾನು ಒಟ್ಟಿಗೆ ನಡೆದು ಬಂದೆವು. ದಾರಿಯಲ್ಲಿ ಕೇಳಿದೆ.

"ಅವಳು ಕ್ಷಮಿಸಿದ್ಲಲ್ಲ. ಸುಮ್ಮನಿರೋಕೆ ಏನಾಗಿತ್ತು ನಿಂಗೆ?"

"ಪಾಪ ಅಂದ್ಲು" ಎಂದ ಅಪ್ಪ. "ಬೈದಿದ್ರೆ ಕೇಳ್ಕೊಂಡು ಇರ್ತಿದ್ದೆ. ಇಷ್ಟು ವರ್ಷ ಕೇಳ್ಕೊಂಡೇ ಇದ್ದೆ."

"ನನ್ನ ಬಗ್ಗೆ ಯೋಚನೆ ಮಾಡಿದ್ಯಾ?"

"ಇಲ್ಲ" ಎಂದ. ಆ ಒಂದು ವಿಷಯದಲ್ಲಿ ಅವನು ಸುಳ್ಳು ಹೇಳಬಹುದಿತ್ತು.

ಅವನು ಅಂಗಡಿ ತೆರೆದು ಬೆಳಗ್ಗೆ ಅರ್ಧಕ್ಕೆ ಬಿಟ್ಟಿದ್ದ ಕೆಲಸಕ್ಕೆ ಕುಳಿತ. ಮುಂದುಗಡೆ ಆರು ಸೈಕಲ್ ನಿಂತಿದ್ದವು. ಮಧ್ಯಾಹ್ನದ ಮೇಲೆ ಜನ ಬರತೊಡಗಿದರು. ತಮ್ಮ ತಮ್ಮ ಸೈಕಲ್ ಎಳೆದುಕೊಂಡರು. ಪಂಕ್ಚರ್ ಆದದ್ದನ್ನು ಪಂಕ್ಚರ್ ಆದ ಹಾಗೆಯೇ ತಳ್ಳಿಕೊಂಡು ಹೋದರು. ಅಪ್ಪ ಯಾರನ್ನೂ ತಡೆಯಲಿಲ್ಲ. ಕೊನೆಗೆ ಬಂದವನು ಮಾರ್ಕಂಡು ಅಪ್ಪು. ಕಿವಿಯ ಹಿಂದೆ ಬೀಟ್ರೂಟಿನ ಕೆಂಪು ಇನ್ನೂ ಹಾಗೇ ಇತ್ತು. ಅವನ ಸೈಕಲ್‌ನ ಮುಂದಿನ ಚಕ್ರವನ್ನು ಅಪ್ಪ ಬಿಚ್ಚಿಟ್ಟಿದ್ದ.

"ಹತ್ತು ನಿಮಿಷ ಕೊಡಿ ಅಪ್ಪು, ಹಾಕಿಕೊಡ್ತೀನಿ" ಎಂದ ಅಪ್ಪ.

ಮಾರ್ಕಂಡು ಸೈಕಲ್ ಎತ್ತಿ ಹೆಗಲಿಗೆ ಹಾಕಿಕೊಂಡ. ಚಕ್ರವನ್ನು ಇನ್ನೊಂದು ಕೈಯಲ್ಲಿ ಹಿಡಿದ. ಬೀದಿಯ ತುದಿಯವರೆಗೆ ಎರಡು ಸಲ ಇಳಿಸಿ ಸುಧಾರಿಸಿಕೊಂಡ, ಮತ್ತೆ ಹೊತ್ತುಕೊಂಡು ಹೋದ.